ವಿನ್ಯಾಸ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿದ ಮೇಲೆ ಪರದೆ ಕೆಟ್ಟರೆ: ಕೊಡಗಿನ ಕಟ್ಟಡ ವಿನ್ಯಾಸಕಾರರಿಗೆ ಸಮಗ್ರ ಮಾರ್ಗದರ್ಶಿ

ಆಟೋಕ್ಯಾಡ್, ರೆವಿಟ್, ಸ್ಕೆಚ್‌ಅಪ್ ಮುಂತಾದ ಸಾಫ್ಟ್‌ವೇರ್‌ಗಳ ಹೊಸ ಆವೃತ್ತಿಯನ್ನು ಹಾಕಿಕೊಂಡಾಗ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಪರದೆಯ ತೊಂದರೆ. ನಿನ್ನೆಯವರೆಗೆ ನೇರವಾಗಿದ್ದ ಗೋಡೆಯ ಗೆರೆ ಅಂಕುಡೊಂಕಾಗುತ್ತದೆ, ಹ್ಯಾಚ್ (ಗಡಿಯೊಳಗೆ ತುಂಬುವ ಗೆರೆ ಅಥವಾ ಬಣ್ಣದ ವಿನ್ಯಾಸ) ಮಾಯವಾಗುತ್ತದೆ, ಕನ್ನಡದ ಶೀರ್ಷಿಕೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟುತ್ತವೆ, ಮೂರು ಆಯಾಮದ ನೋಟ ತೆರೆದೊಡನೆ ಪರದೆ ಕಪ್ಪಾಗುತ್ತದೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಗೋಣಿಕೊಪ್ಪ, ಸೋಮವಾರಪೇಟೆಗಳ ವಿನ್ಯಾಸ ಕಚೇರಿಗಳು ಬಹುಮಟ್ಟಿಗೆ ಚಿಕ್ಕವು. ಕಂಪ್ಯೂಟರ್ ನೋಡಿಕೊಳ್ಳಲೆಂದೇ ಒಬ್ಬರನ್ನು ಇಟ್ಟುಕೊಳ್ಳುವ ಅನುಕೂಲ ಅಲ್ಲಿಲ್ಲ. ಆದ್ದರಿಂದ ಮೈಸೂರಿನಿಂದಲೋ ಮಂಗಳೂರಿನಿಂದಲೋ ತಂತ್ರಜ್ಞರನ್ನು ಕರೆಸುವ ಮೊದಲು ನಾವೇ ಕ್ರಮವಾಗಿ ಮಾಡಿ ನೋಡಬಹುದಾದುದನ್ನೆಲ್ಲ ಇಲ್ಲಿ ವಿವರಿಸಿದೆ.

ಈ ಮಾರ್ಗದರ್ಶಿ ಒಂದೇ ಮಾತಿನ ಮೇಲೆ ನಿಂತಿದೆ: ದೋಷ ಎಲ್ಲಿದೆ ಎಂದು ತಿಳಿಯುವವರೆಗೆ ಯಾವ ಸೆಟ್ಟಿಂಗನ್ನೂ ಬದಲಿಸಬಾರದು. ದೋಷ ಇರಬಹುದಾದ ತಾಣಗಳು ನಾಲ್ಕು. ಮೊದಲನೆಯದು ಡ್ರಾಯಿಂಗ್ ಫೈಲ್, ಎರಡನೆಯದು ಸಾಫ್ಟ್‌ವೇರ್‌ನ ಸೆಟ್ಟಿಂಗ್, ಮೂರನೆಯದು ಗ್ರಾಫಿಕ್ಸ್ ಕಾರ್ಡ್ ಮತ್ತು ಅದರ ಡ್ರೈವರ್ (ಕಾರ್ಡನ್ನು ನಡೆಸುವ ಚಿಕ್ಕ ಸಾಫ್ಟ್‌ವೇರ್), ನಾಲ್ಕನೆಯದು ವಿಂಡೋಸ್ ಹಾಗೂ ಮಾನಿಟರ್. ಹಾರ್ಡ್‌ವೇರ್ ಆಕ್ಸಲರೇಷನ್ (ಚಿತ್ರ ಬಿಡಿಸುವ ಕೆಲಸವನ್ನು ಕಾರ್ಡಿಗೆ ವಹಿಸುವ ಸೆಟ್ಟಿಂಗ್) ಆಫ್ ಮಾಡಿ, ಡ್ರೈವರ್ ಬದಲಿಸಿ, ಕೊನೆಗೆ ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕುವುದು ಎಲ್ಲೆಡೆ ರೂಢಿಯಾಗಿಬಿಟ್ಟಿದೆ. ಹಾಗೆ ಮಾಡಿದಾಗ ತೊಂದರೆ ಹೋದರೂ ಏಕೆ ಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಫೈಲಿನಲ್ಲಿ ಅದೇ ತೊಂದರೆ ಮರಳಿ ಬರುತ್ತದೆ.

ಅಪ್‌ಗ್ರೇಡ್‌ಗೆ ಮುನ್ನ ಮಾಡಿಡಬೇಕಾದದ್ದು

ಹೊಸ ಆವೃತ್ತಿಯನ್ನು ಹಾಕುವಾಗ ಹಳೆಯದನ್ನು ತೆಗೆಯಬೇಡಿ. ಆಟೋಕ್ಯಾಡ್ ಮತ್ತು ರೆವಿಟ್‌ಗಳ ಬೇರೆ ಬೇರೆ ವರ್ಷದ ಆವೃತ್ತಿಗಳು ಒಂದೇ ಕಂಪ್ಯೂಟರಿನಲ್ಲಿ ಒಟ್ಟಿಗೆ ಇರಬಲ್ಲವು. ಹಳೆಯ ಆವೃತ್ತಿ ಪಕ್ಕದಲ್ಲೇ ಇದ್ದರೆ ಅದೇ ಫೈಲನ್ನು ಎರಡರಲ್ಲೂ ತೆರೆದು ಹೋಲಿಸಬಹುದು, ಮತ್ತು ದೋಷ ಪತ್ತೆಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ರೆವಿಟ್ ಬಳಸುವವರು ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಹೊಸ ಆವೃತ್ತಿಯಲ್ಲಿ ತೆರೆದು ಉಳಿಸಿದ ರೆವಿಟ್ ಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಬರುವುದಿಲ್ಲ, ಹಿಂದಿನ ಆವೃತ್ತಿಗೆ ಇಳಿಸಿ ಉಳಿಸುವ ದಾರಿಯೂ ಇಲ್ಲ. ಆದ್ದರಿಂದ ಪ್ರತಿಯೊಂದು ಪ್ರಾಜೆಕ್ಟಿನ ನಕಲನ್ನು ಬೇರೆ ಡಿಸ್ಕಿನಲ್ಲಿ ಇರಿಸಿ, ಮೊದಲು ನಕಲನ್ನೇ ಹೊಸದರಲ್ಲಿ ತೆರೆಯಬೇಕು. ಆಟೋಕ್ಯಾಡ್‌ನಲ್ಲಿ ಈ ಬಿಗಿ ಅಷ್ಟಿಲ್ಲ. ಆಟೋಕ್ಯಾಡ್ 2018ರ ಆವೃತ್ತಿಯೊಂದಿಗೆ ಬಂದ ಫೈಲ್ ಮಾದರಿಯನ್ನೇ ನಂತರದ ಆವೃತ್ತಿಗಳೂ 2025ರವರೆಗೆ ಬಳಸಿಕೊಂಡು ಬಂದಿವೆ. ಅಷ್ಟಲ್ಲದೆ ಸೇವ್ ಆ್ಯಸ್‌ನಲ್ಲಿ ಹಳೆಯ ಮಾದರಿಯನ್ನು ಆರಿಸಿ ಉಳಿಸಲೂಬಹುದು.

ಗ್ರಾಫಿಕ್ಸ್ ಕಾರ್ಡಿನ ಈಗಿನ ಡ್ರೈವರ್ ಆವೃತ್ತಿಯನ್ನು ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಮತ್ತು ಇಂಟರ್ನೆಟ್ ಎರಡೂ ಗಂಟೆಗಟ್ಟಲೆ ಹೋಗುವುದು ಸಾಮಾನ್ಯವಾದ್ದರಿಂದ, ಹಳೆಯ ಡ್ರೈವರ್ ಮತ್ತು ಹೊಸ ಡ್ರೈವರ್ ಎರಡರ ಪೂರ್ಣ ಇನ್‌ಸ್ಟಾಲರ್‌ಗಳನ್ನೂ ಮೊದಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು ಜಾಣತನ. ಇನ್‌ಸ್ಟಾಲ್ ಅರ್ಧದಲ್ಲಿ ಕರೆಂಟು ಹೋಗಿ ನಿಂತರೆ ಆಗುವ ಹಾನಿ ದೊಡ್ಡದು. ಹಾಗಾಗಿ ಡೆಸ್ಕ್‌ಟಾಪ್ ಇದ್ದವರು ಯುಪಿಎಸ್ ಪೂರ್ಣ ಚಾರ್ಜ್ ಆಗಿರುವಾಗ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು.

ಮೊದಲ ಹಂತ: ದೋಷದ ತಾಣವನ್ನು ಗುರುತಿಸುವುದು

ಇದಕ್ಕೆ ನಾಲ್ಕು ಸರಳ ಪರೀಕ್ಷೆಗಳಿವೆ. ಎಲ್ಲವನ್ನೂ ಮಾಡಲು ಅರ್ಧ ಗಂಟೆ ಸಾಕು, ಒಂದೂ ಸೆಟ್ಟಿಂಗ್ ಬದಲಾಗುವುದಿಲ್ಲ.

ಮೊದಲನೆಯದು ಖಾಲಿ ಫೈಲಿನ ಪರೀಕ್ಷೆ. ಹೊಸ ಡ್ರಾಯಿಂಗ್ ತೆರೆದು, ಮೂಲಬಿಂದುವಿನ (ಅಳತೆಗಳೆಲ್ಲ ಶುರುವಾಗುವ ಸೊನ್ನೆ, ಸೊನ್ನೆ ಸ್ಥಾನದ) ಹತ್ತಿರ ನಾಲ್ಕು ಗೋಡೆ, ಒಂದು ಹ್ಯಾಚ್, ಒಂದು ವೃತ್ತ, ಎರಡು ಸಾಲು ಬರಹ ಹಾಕಿ ನೋಡಿ. ಇಲ್ಲಿ ಎಲ್ಲವೂ ಸರಿಯಾಗಿ ಕಂಡರೆ ಕಾರ್ಡು, ಡ್ರೈವರ್, ಮಾನಿಟರ್ ಬಹುತೇಕ ನಿರ್ದೋಷಿಗಳು. ಅನುಮಾನ ಫೈಲಿನ ಮೇಲೆ ನಿಲ್ಲುತ್ತದೆ.

ಎರಡನೆಯದು ಪಿಡಿಎಫ್ ಪರೀಕ್ಷೆ. ಕೆಟ್ಟು ಕಾಣುವ ಪ್ಲಾನನ್ನು ಹಾಗೆಯೇ ಪಿಡಿಎಫ್ ಆಗಿ ಪ್ಲಾಟ್ ಮಾಡಿ ತೆರೆಯಿರಿ. ಎರಡು ಆಯಾಮದ ಗೆರೆಚಿತ್ರವನ್ನು ಪ್ಲಾಟ್ ಮಾಡುವ ದಾರಿ ಬೇರೆ, ಪರದೆಗೆ ಕಳಿಸುವ ದಾರಿ ಬೇರೆ. ಪಿಡಿಎಫ್‌ನಲ್ಲಿ ಹ್ಯಾಚ್ ಸರಿಯಾಗಿದ್ದು ಪರದೆಯಲ್ಲಿ ಮಾತ್ರ ಇಲ್ಲವೆಂದರೆ ಡ್ರಾಯಿಂಗ್ ಆರೋಗ್ಯವಾಗಿದೆ, ತೋರಿಸುವ ವ್ಯವಸ್ಥೆ ಕೆಟ್ಟಿದೆ. ಪಿಡಿಎಫ್‌ನಲ್ಲೂ ಇಲ್ಲವೆಂದರೆ ಲೇಯರ್, ಫಾಂಟ್ ಅಥವಾ ಫೈಲಿನೊಳಗಿನ ಸೆಟ್ಟಿಂಗನ್ನು ಹುಡುಕಬೇಕು.

ಮೂರನೆಯದು ನನಗೆ ಬಹಳ ಮೆಚ್ಚುಗೆಯಾದ ಪರೀಕ್ಷೆ, ಏಕೆಂದರೆ ಇದು ವಾದಕ್ಕೆ ಎಡೆಯನ್ನೇ ಕೊಡುವುದಿಲ್ಲ. ಪರದೆ ಕೆಟ್ಟಿರುವಾಗಲೇ ಕೀಬೋರ್ಡಿನಿಂದ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಮೊಬೈಲಿನಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಕಂಪ್ಯೂಟರ್ ಸರಿಯಾದ ಚಿತ್ರವನ್ನೇ ರಚಿಸಿದೆ, ಕೆಟ್ಟದ್ದು ಅಲ್ಲಿಂದ ಮುಂದಕ್ಕೆ, ಅಂದರೆ ಕೇಬಲ್, ಪೋರ್ಟ್ ಅಥವಾ ಮಾನಿಟರಿನಲ್ಲಿ. ಸ್ಕ್ರೀನ್‌ಶಾಟ್‌ನಲ್ಲೂ ಗೆರೆಗಳು ಹರಿದಿದ್ದರೆ ಮಾನಿಟರನ್ನು ದೂರುವುದು ಬಿಟ್ಟು ಸಾಫ್ಟ್‌ವೇರ್ ಮತ್ತು ಡ್ರೈವರ್ ಕಡೆ ತಿರುಗಬೇಕು.

ನಾಲ್ಕನೆಯದು ಕಂಪ್ಯೂಟರ್ ಆನ್ ಮಾಡುವಾಗಿನ ಪರೀಕ್ಷೆ. ವಿಂಡೋಸ್ ಬರುವುದಕ್ಕೂ ಮೊದಲು, ತಯಾರಕರ ಲಾಂಛನ ಕಾಣುವ ಹೊತ್ತಿಗೇ ಅಡ್ಡಪಟ್ಟಿಗಳೋ ಬಣ್ಣದ ಚುಕ್ಕೆಗಳೋ ಕಂಡರೆ ಅದು ಅಪ್‌ಗ್ರೇಡ್‌ಗೆ ಸಂಬಂಧವಿಲ್ಲದ ಯಂತ್ರದೋಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೇ ಬೆವರುವ ನಮ್ಮ ಊರುಗಳಲ್ಲಿ ತೇವ ಹಿಡಿದ ಕನೆಕ್ಟರ್‌ಗಳನ್ನು ಅನುಮಾನಿಸುವುದು ತಪ್ಪಲ್ಲ. ಆಗ ಕೇಬಲ್ ಬದಲಿಸಿ ನೋಡಿ, ಕಾರ್ಡನ್ನು ರಿಪೇರಿಯವರಿಂದ ಬಿಚ್ಚಿಸಿ ಸ್ವಚ್ಛಗೊಳಿಸಿಕೊಳ್ಳಬೇಕು.

ಎರಡನೆಯ ಹಂತ: ಸರ್ವೆ ಡ್ರಾಯಿಂಗ್ ಮೂಲಬಿಂದುವಿನಿಂದ ಎಷ್ಟು ದೂರದಲ್ಲಿದೆ?

ಈ ಹಂತವನ್ನು ಡ್ರೈವರ್‌ಗಿಂತ ಮೊದಲು ಇಟ್ಟಿರುವುದಕ್ಕೆ ಕಾರಣವಿದೆ. ಕೊಡಗಿನಲ್ಲಿ ಸಮತಟ್ಟಾದ ನಿವೇಶನ ಅಪರೂಪ. ಹೋಂಸ್ಟೇ ಆಗಲಿ, ತೋಟದ ಮನೆಯಾಗಲಿ, ಕಾಫಿ ಕಣದ ಪಕ್ಕದ ಗೋದಾಮಾಗಲಿ, ಇಳಿಜಾರನ್ನು ಅಳೆಯದೆ ವಿನ್ಯಾಸ ಶುರುವಾಗುವುದಿಲ್ಲ. 2018ರ ಆಗಸ್ಟ್‌ನ ಭೂಕುಸಿತಗಳ ನಂತರವಂತೂ ಕಂಟೂರ್ (ಸಮಾನ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ನೋಡದೆ ತಡೆಗೋಡೆ ಎಳೆಯುವ ಧೈರ್ಯವನ್ನು ಯಾರೂ ಮಾಡಬಾರದು. ಹೀಗಾಗಿ ನಮ್ಮ ಬಹುಪಾಲು ಫೈಲುಗಳು ಸರ್ವೆಯವರು ಕೊಟ್ಟ ಡ್ರಾಯಿಂಗಿನ ಮೇಲೆಯೇ ಬೆಳೆಯುತ್ತವೆ, ಮತ್ತು ಇಂದಿನ ಸರ್ವೆ ಡ್ರಾಯಿಂಗ್‌ಗಳು ಸಾಮಾನ್ಯವಾಗಿ ಯುಟಿಎಂ ನಿರ್ದೇಶಾಂಕಗಳಲ್ಲಿ, ಅಂದರೆ ಭೂಮಿಯನ್ನು ವಲಯಗಳಾಗಿ ವಿಂಗಡಿಸಿ ಸ್ಥಾನವನ್ನು ಮೀಟರಿನಲ್ಲಿ ಹೇಳುವ ಪದ್ಧತಿಯಲ್ಲಿ, ಬರುತ್ತವೆ.

ಕೊಡಗು ಜಿಲ್ಲೆ ಇಡಿಯಾಗಿ ಯುಟಿಎಂನ ಉತ್ತರ 43ನೇ ವಲಯದಲ್ಲಿ ಬರುತ್ತದೆ. ಮಡಿಕೇರಿಯ ಬಳಿಯ ಒಂದು ಸರ್ವೆ ಕಲ್ಲಿನ ಮೇಲೆ ಕರ್ಸರ್ ಇಟ್ಟು ಕೆಳಗಿನ ಅಂಕೆಗಳನ್ನು ನೋಡಿದರೆ ಪೂರ್ವಕ್ಕೆ ಸುಮಾರು 5,80,000 ಮೀಟರ್, ಉತ್ತರಕ್ಕೆ ಸುಮಾರು 13,73,000 ಮೀಟರ್, ಎತ್ತರ ಸುಮಾರು 1,150 ಮೀಟರ್ ಎಂದು ಕಾಣುತ್ತದೆ. ಉತ್ತರದ ಅಂಕೆ ಸಮಭಾಜಕ ವೃತ್ತದಿಂದ ಅಳೆದದ್ದು. ಅಂದರೆ ನಾವು ಬಿಡಿಸುವ ಮನೆ ಡ್ರಾಯಿಂಗಿನ ಮೂಲಬಿಂದುವಿನಿಂದ ಸಾವಿರದ ಮುನ್ನೂರು ಕಿಲೋಮೀಟರಿಗೂ ಆಚೆ ನಿಂತಿದೆ. ಯೂನಿಟ್ ಮಿಲಿಮೀಟರ್ ಆಗಿದ್ದರೆ ಅದೇ ಅಂಕೆ 137 ಕೋಟಿಯನ್ನು ದಾಟುತ್ತದೆ.

ಇದರಿಂದ ಪರದೆಗೆ ಏನಾಗುತ್ತದೆ ಎಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಸಾಫ್ಟ್‌ವೇರ್ ತನ್ನೊಳಗೆ ಅಳತೆಗಳನ್ನು 64 ಬಿಟ್ ಸಂಖ್ಯೆಗಳಾಗಿ ಇಟ್ಟುಕೊಂಡರೂ, ಗ್ರಾಫಿಕ್ಸ್ ಕಾರ್ಡು ಚಿತ್ರ ಬಿಡಿಸುವಾಗ ಸಾಮಾನ್ಯವಾಗಿ 32 ಬಿಟ್ ಸಂಖ್ಯೆಗಳನ್ನು ಬಳಸುತ್ತದೆ, ಮತ್ತು ಅಂಥ ಸಂಖ್ಯೆಯಲ್ಲಿ ನಂಬಬಹುದಾದದ್ದು ಸುಮಾರು 7 ಅಂಕೆಗಳು ಮಾತ್ರ. 13,73,000 ಮೀಟರ್ ಆಸುಪಾಸಿನಲ್ಲಿ 32 ಬಿಟ್‌ನ ಒಂದು ಸಂಖ್ಯೆಗೂ ಅದರ ಮುಂದಿನ ಸಂಖ್ಯೆಗೂ ನಡುವಿನ ಅಂತರವೇ 12.5 ಸೆಂಟಿಮೀಟರ್. ಒಂಬತ್ತು ಇಂಚಿನ ಗೋಡೆಯ ಎರಡು ಮುಖಗಳ ನಡುವೆ ಇರುವುದು 23 ಸೆಂಟಿಮೀಟರ್. ಹೀಗಿರುವಾಗ ಗೋಡೆಯ ಗೆರೆಗಳು ಒಂದರ ಮೇಲೊಂದು ಕೂರುವುದು, ಜೂಮ್ ಮಾಡಿದಾಗ ಜಿಗಿಯುವುದು, ವೃತ್ತಗಳು ಮುರಿದ ಬಳೆಯಂತೆ ಕಾಣುವುದು, ಹ್ಯಾಚ್ ತನ್ನ ಗಡಿಯನ್ನು ದಾಟಿ ಚೆಲ್ಲುವುದು, ಇವೆಲ್ಲ ಸಹಜ ಪರಿಣಾಮಗಳು. ಈ ದೂರವನ್ನು ಒಳಗೊಳಗೇ ಸರಿದೂಗಿಸುವ ಉಪಾಯಗಳು ಸಾಫ್ಟ್‌ವೇರ್‌ಗಳಲ್ಲಿ ಇರುತ್ತವೆ. ಹೊಸ ಆವೃತ್ತಿಯಲ್ಲಿ ಚಿತ್ರ ಬಿಡಿಸುವ ವ್ಯವಸ್ಥೆಯೇ ಬದಲಾದಾಗ ಆ ಉಪಾಯವೂ ಬದಲಾಗಬಹುದು. ಹಳೆಯ ಆವೃತ್ತಿಯಲ್ಲಿ ಮುಚ್ಚಿಹೋಗಿದ್ದ ದೋಷ ಅಪ್‌ಗ್ರೇಡ್ ಆದ ದಿನವೇ ಬಯಲಾಗುವುದು ಈ ಕಾರಣದಿಂದ.

ಪರಿಹಾರ ಹೀಗೆ. ಸರ್ವೆ ಫೈಲಿನ ಮೂಲ ಪ್ರತಿಯನ್ನು ಮುಟ್ಟದೆ ಪಕ್ಕಕ್ಕಿಡಿ. ನಕಲಿನಲ್ಲಿ ನಿವೇಶನದ ಒಂದು ಖಚಿತ ಗುರುತನ್ನು ಆರಿಸಿ, ಅದು ಗಡಿಕಲ್ಲಾದರೆ ಉತ್ತಮ, ಅದರ ಪೂರ್ವ, ಉತ್ತರ ಮತ್ತು ಎತ್ತರದ ಅಂಕೆಗಳನ್ನು ಡ್ರಾಯಿಂಗಿನ ಮೇಲೆಯೇ ಬರಹವಾಗಿ ದಾಖಲಿಸಿ. ಲಾಕ್ ಅಥವಾ ಫ್ರೀಜ್ ಆಗಿರುವ ಲೇಯರ್‌ಗಳನ್ನೆಲ್ಲ ತೆರೆದು, ಎಲ್ಲವನ್ನೂ ಆಯ್ದು, ಆ ಗುರುತಿನಿಂದ ಸೊನ್ನೆ, ಸೊನ್ನೆಗೆ ಮೂವ್ ಮಾಡಿ. ಕಂಟೂರ್‌ಗಳ ಎತ್ತರವನ್ನು ಹಾಗೆಯೇ ಉಳಿಸಬೇಕೇ, ಕಲ್ಲಿನ ಮಟ್ಟವನ್ನು ಸೊನ್ನೆ ಎಂದು ಹಿಡಿಯಬೇಕೇ ಎಂಬುದನ್ನು ಈಗಲೇ ತೀರ್ಮಾನಿಸಿ ಅದನ್ನೂ ಬರೆದಿಡಿ. ಕಂಟೂರ್ ಇರುವ ಫೈಲಿಗೆ ಫ್ಲ್ಯಾಟನ್ ಆಜ್ಞೆಯನ್ನು ಕೊಡಲೇಬಾರದು, ಎತ್ತರವೆಲ್ಲ ಅಳಿಸಿಹೋಗುತ್ತದೆ.

ಇದರ ಜೊತೆಗೆ ಇನ್ನೊಂದನ್ನು ನೋಡಿ. ಜೂಮ್ ಎಕ್ಸ್‌ಟೆಂಟ್ಸ್ (ಇಡೀ ಡ್ರಾಯಿಂಗನ್ನು ಪರದೆಯೊಳಗೆ ತರುವ ಆಜ್ಞೆ) ಕೊಟ್ಟಾಗ ಪರದೆ ಖಾಲಿಯಾದಂತೆ ಕಂಡು, ಗಮನಿಸಿದರೆ ಎದುರುಬದುರಿನ ಎರಡು ಮೂಲೆಗಳಲ್ಲಿ ಒಂದೊಂದು ಚುಕ್ಕೆ ಮಾತ್ರ ಕಾಣುತ್ತಿದ್ದರೆ, ಒಂದು ಚುಕ್ಕೆ ನಿಮ್ಮ ನಿವೇಶನ, ಇನ್ನೊಂದು ಸೊನ್ನೆಯ ಹತ್ತಿರ ಯಾರೋ ಬಿಟ್ಟ ಬ್ಲಾಕೋ ಪಾಯಿಂಟೋ ಆಗಿರುತ್ತದೆ. ಅದನ್ನು ಹುಡುಕಿ ಅಳಿಸಿದ ಮೇಲೆಯೇ ಉಳಿದ ಪರೀಕ್ಷೆಗಳಿಗೆ ಅರ್ಥ.

ಸರ್ವೆಯವರು ಸಿವಿಲ್ 3ಡಿ ಎಂಬ ಬೇರೆ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡಿದ್ದರೆ ಸಾದಾ ಆಟೋಕ್ಯಾಡ್‌ನಲ್ಲಿ ಕಂಟೂರ್‌ಗಳ ಬದಲು ಬರಿಯ ಚೌಕಟ್ಟು ಕಾಣಬಹುದು, ಏನೂ ಕಾಣದೆಯೂ ಇರಬಹುದು. ಪ್ರಾಕ್ಸಿಷೋ ಎಂಬ ವೇರಿಯಬಲ್ (ಹೆಸರು ಟೈಪ್ ಮಾಡಿ ಬದಲಿಸುವ ಒಳ ಸೆಟ್ಟಿಂಗ್) 1ರಲ್ಲಿ ಇದೆಯೇ ನೋಡಿ. ಅದರಿಂದಲೂ ಆಗದಿದ್ದರೆ ಸರ್ವೆಯವರನ್ನೇ ಕೇಳಿ, ಎಕ್ಸ್‌ಪೋರ್ಟ್ ಟು ಆಟೋಕ್ಯಾಡ್ ಆಜ್ಞೆಯಿಂದ ಸಾದಾ ಗೆರೆಗಳಾಗಿ ಬದಲಿಸಿದ ಫೈಲನ್ನು ತರಿಸಿಕೊಳ್ಳಿ.

ಮೂರನೆಯ ಹಂತ: ಆಟೋಕ್ಯಾಡ್‌ನ ಒಳಗಿನ ಸೆಟ್ಟಿಂಗ್‌ಗಳು

ಫೈಲ್ ಮೂಲಬಿಂದುವಿನ ಹತ್ತಿರವೇ ಇದ್ದು ತೊಂದರೆ ಮುಂದುವರಿದರೆ ಮೊದಲು ಆಡಿಟ್ ಕೊಟ್ಟು ದೋಷಗಳನ್ನು ಸರಿಪಡಿಸಲು ಒಪ್ಪಿಗೆ ನೀಡಿ, ಪರ್ಜ್ ಕೊಟ್ಟು ಬಳಕೆಯಲ್ಲಿಲ್ಲದ್ದನ್ನು ತೆಗೆದು, ರೀಜೆನ್‌ಆಲ್ ಕೊಡಿ. ಫೈಲ್ ತೆರೆಯುವಾಗಲೇ ತಕರಾರು ಬಂದರೆ ತೆರೆಯುವ ಬದಲು ರಿಕವರ್ ಬಳಸಿ.

ನಂತರ ಲಕ್ಷಣಕ್ಕೆ ತಕ್ಕ ವೇರಿಯಬಲ್ ನೋಡಬೇಕು. ಹ್ಯಾಚ್ ಮತ್ತು ದಪ್ಪ ಪಾಲಿಲೈನ್‌ಗಳ ಒಳಭಾಗ ಖಾಲಿಯಾಗಿದ್ದರೆ ಫಿಲ್‌ಮೋಡ್ 1 ಆಗಿರಬೇಕು. ಬರಹದ ಜಾಗದಲ್ಲಿ ಬರೀ ಆಯತಗಳು ಕಂಡರೆ ಕ್ಯೂಟೆಕ್ಸ್ಟ್‌ ಮೋಡ್ ಆನ್ ಆಗಿದೆ ಎಂದರ್ಥ, ಅದನ್ನು ಆಫ್ ಮಾಡಿ ರೀಜೆನ್ ಕೊಡಿ. ಸೆಂಟರ್‌ಲೈನ್‌ಗಳು ಅಖಂಡ ಗೆರೆಗಳಾಗಿದ್ದರೆ ಎಲ್‌ಟಿಸ್ಕೇಲ್ ಬದಲಾಗಿದೆ. ಲೇಔಟ್‌ನಲ್ಲಿ ಮಾತ್ರ ಹಾಗೆ ಕಂಡರೆ ಪಿಎಸ್‌ಎಲ್‌ಟಿಸ್ಕೇಲ್ ನೋಡಿ. ಹ್ಯಾಚ್ ಬರಹವನ್ನು ಮುಚ್ಚುತ್ತಿದ್ದರೆ ಡ್ರಾಆರ್ಡರ್‌ನಿಂದ ಹ್ಯಾಚನ್ನು ಹಿಂದಕ್ಕೆ ಕಳಿಸಿ. ಇವುಗಳಲ್ಲಿ ಹಲವು ಫೈಲಿನೊಂದಿಗೇ ಉಳಿಯುವ ಸೆಟ್ಟಿಂಗ್‌ಗಳು; ಆದ್ದರಿಂದ ಕಚೇರಿಯ ಟೆಂಪ್ಲೇಟ್ ಫೈಲಿನಲ್ಲೂ ಸರಿಪಡಿಸದಿದ್ದರೆ ನಾಳೆಯ ಡ್ರಾಯಿಂಗಿನಲ್ಲಿ ಮತ್ತೆ ಅದೇ ಪಾಡು.

ಇಷ್ಟಾದ ಮೇಲೆ ಗ್ರಾಫಿಕ್ಸ್‌ಕಾನ್ಫಿಗ್ ಆಜ್ಞೆ. ತೆರೆಯುವ ಪೆಟ್ಟಿಗೆಯಲ್ಲಿ ನಿಮ್ಮ ಕಾರ್ಡಿನ ಹೆಸರು ಮತ್ತು ಡ್ರೈವರ್ ಆವೃತ್ತಿ ಕಾಣುತ್ತದೆ. ಕಾರ್ಡಿನ ಹೆಸರನ್ನು ಗಮನವಿಟ್ಟು ಓದಿ. ಪ್ರತ್ಯೇಕ ಕಾರ್ಡ್ ಇರುವ ಲ್ಯಾಪ್‌ಟಾಪಿನಲ್ಲಿ ಇಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಹೆಸರು ಕಂಡರೆ ಉತ್ತರ ಅರ್ಧ ಸಿಕ್ಕಂತೆ. ಮುಂದಿನ ಹಂತದಲ್ಲಿ ಅದನ್ನು ಸರಿಪಡಿಸುವ ಬಗೆ ಇದೆ. ಎರಡು ಆಯಾಮದ ಪ್ರದರ್ಶನಕ್ಕೆ ಅಡ್ವಾನ್ಸ್ಡ್, ಇಂಟರ್‌ಮೀಡಿಯೆಟ್, ಬೇಸಿಕ್ ಎಂಬ ಮೂರು ಮಟ್ಟಗಳಿವೆ. ಹಾರ್ಡ್‌ವೇರ್ ಆಕ್ಸಲರೇಷನ್ ಪೂರ್ತಿ ಆಫ್ ಮಾಡುವ ಮೊದಲು ಈ ಮಟ್ಟವನ್ನು ಒಂದೊಂದೇ ಮೆಟ್ಟಿಲು ಇಳಿಸಿ, ಪ್ರತಿ ಸಲವೂ ಸಾಫ್ಟ್‌ವೇರ್ ಮುಚ್ಚಿ ತೆರೆದು ನೋಡಿ. ಆಕ್ಸಲರೇಷನ್ ಆಫ್ ಮಾಡಿದಾಗ ಮಾತ್ರ ತೊಂದರೆ ನಿಂತರೆ, ಅದನ್ನು ಪರಿಹಾರವೆಂದು ಒಪ್ಪಿ ಸುಮ್ಮನಾಗಬೇಡಿ. ಅದು ಡ್ರೈವರ್ ಕಡೆ ಬೆರಳು ಮಾಡಿದ ಸಾಕ್ಷ್ಯ ಮಾತ್ರ. ಹಾಗೆಯೇ ಬಿಟ್ಟರೆ ಮೂರು ಆಯಾಮದ ಕೆಲಸವೆಲ್ಲ ನಿಧಾನವಾಗುತ್ತದೆ.

ಕನ್ನಡ ಬರಹ ಕೆಟ್ಟಿದ್ದರೆ

ಗ್ರಾಮ ಪಂಚಾಯಿತಿಗೋ ಪಟ್ಟಣ ಪಂಚಾಯಿತಿಗೋ ಸಲ್ಲಿಸುವ ನಕ್ಷೆಯಲ್ಲಿ ಮಾಲೀಕರ ಹೆಸರು, ಸರ್ವೆ ನಂಬರ್, ಗ್ರಾಮ, ಹೋಬಳಿಗಳನ್ನು ಕನ್ನಡದಲ್ಲಿ ಬರೆಯುವವರು ನಮ್ಮಲ್ಲಿ ಅನೇಕರಿದ್ದಾರೆ, ಹಾಗೆ ಬರೆಯಬೇಕೆಂಬುದೇ ನನ್ನ ಅಭಿಪ್ರಾಯವೂ. ಈ ತೊಂದರೆಯ ಬಗ್ಗೆ ಸಾಫ್ಟ್‌ವೇರ್ ಕಂಪನಿಗಳ ಸಹಾಯ ಪುಟಗಳಲ್ಲಿ ಹುಡುಕಿ ಪ್ರಯೋಜನವಿಲ್ಲದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆಟ್ಟ ಬರಹ ಕಾಣುವ ರೀತಿಯೇ ಕಾರಣವನ್ನು ಹೇಳುತ್ತದೆ. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು, ತಲೆಯ ಮೇಲೆ ಗುರುತುಗಳಿರುವ ಅಕ್ಷರಗಳು ಸಾಲಾಗಿ ಕಂಡರೆ, ಆ ಬರಹ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಈಗ ಸಾಫ್ಟ್‌ವೇರ್‌ಗೆ ಸಿಗುತ್ತಿಲ್ಲ. ಪ್ರಶ್ನಾರ್ಥಕ ಚಿಹ್ನೆಗಳೋ ಖಾಲಿ ಚೌಕಗಳೋ ಕಂಡರೆ, ಬರಹ ಯೂನಿಕೋಡ್‌ನಲ್ಲೇ ಇದೆ, ಆದರೆ ಟೆಕ್ಸ್ಟ್ ಸ್ಟೈಲ್‌ಗೆ ಕನ್ನಡವಿಲ್ಲದ, ಆಟೋಕ್ಯಾಡ್‌ನದೇ ಆದ ಎಸ್‌ಎಚ್‌ಎಕ್ಸ್ ಫಾಂಟ್ ಅಂಟಿಕೊಂಡಿದೆ.

ಮೊದಲನೆಯದಕ್ಕೆ ಹಳೆಯ ಫಾಂಟ್ ಫೈಲನ್ನು ಮತ್ತೆ ಹಾಕಬೇಕು. ಹಾಕುವಾಗ ಫಾಂಟ್ ಫೈಲಿನ ಮೇಲೆ ಬಲ ಗುಂಡಿ ಒತ್ತಿ ‘ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡು’ ಎಂಬುದನ್ನೇ ಆರಿಸಿ. ಈಚಿನ ವಿಂಡೋಸ್‌ನಲ್ಲಿ ಸುಮ್ಮನೆ ಇನ್‌ಸ್ಟಾಲ್ ಒತ್ತಿದರೆ ಫಾಂಟ್ ಆ ಒಬ್ಬ ಬಳಕೆದಾರರ ಫೋಲ್ಡರಿಗೆ ಹೋಗುತ್ತದೆ, ವಿನ್ಯಾಸ ಸಾಫ್ಟ್‌ವೇರ್‌ಗಳು ಅಲ್ಲಿ ಹುಡುಕದೆ ಇರಬಹುದು. ವರ್ಡ್‌ನಲ್ಲಿ ಸರಿಯಾಗಿ ಕಾಣುವ ನುಡಿ ಫಾಂಟ್ ಆಟೋಕ್ಯಾಡ್‌ನಲ್ಲಿ ಕಾಣದಿರುವುದಕ್ಕೆ ಇದೊಂದು ಕಾರಣ. ಎರಡನೆಯದಕ್ಕೆ ಸ್ಟೈಲ್ ಆಜ್ಞೆಯಲ್ಲಿ ಎಸ್‌ಎಚ್‌ಎಕ್ಸ್ ತೆಗೆದು, ವಿಂಡೋಸ್‌ನೊಂದಿಗೆ ಬರುವ ನಿರ್ಮಲಾ ಯುಐ ಫಾಂಟನ್ನು ಆರಿಸಿದರೆ ಸಾಕು. ಒತ್ತಕ್ಷರಗಳು ಬೇರ್ಪಟ್ಟು ಕಂಡರೆ ಒಂಟಿ ಸಾಲಿನ ಟೆಕ್ಸ್ಟನ್ನು ಎಂಟೆಕ್ಸ್ಟ್ ಆಗಿ ಬದಲಿಸಿ ನೋಡಿ.

ಮುಂದಿನ ಕೆಲಸಗಳಿಗೆ ಟೆಂಪ್ಲೇಟ್‌ನ ಶೀರ್ಷಿಕೆ ಪಟ್ಟಿಯನ್ನು ಒಮ್ಮೆ ಯೂನಿಕೋಡ್‌ಗೆ ಬದಲಿಸಿಕೊಂಡುಬಿಡುವುದು ಒಳ್ಳೆಯದು. ಫಾಂಟ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ನಕ್ಷೆ ತೆರೆದಾಗ ಅರ್ಜಿದಾರರ ಹೆಸರೇ ಓದಲಾಗದೆ ಹೋಗುವುದು ತಪ್ಪುತ್ತದೆ.

ನಾಲ್ಕನೆಯ ಹಂತ: ಗ್ರಾಫಿಕ್ಸ್ ಕಾರ್ಡು ಮತ್ತು ಡ್ರೈವರ್

ಮೊದಲು ಅರ್ಹತೆಯನ್ನು ನೋಡಿ. ಆಟೋಕ್ಯಾಡ್ 2024ಕ್ಕೆ ಕನಿಷ್ಠ 2 ಜಿಬಿ ಮೆಮೊರಿ ಇರುವ, ಡೈರೆಕ್ಟ್‌ಎಕ್ಸ್ 11 ಬಲ್ಲ ಕಾರ್ಡ್ ಬೇಕು. 8 ಜಿಬಿ ಮತ್ತು ಡೈರೆಕ್ಟ್‌ಎಕ್ಸ್ 12 ಇದ್ದರೆ ಉತ್ತಮವೆಂದು ತಯಾರಕರೇ ಹೇಳುತ್ತಾರೆ. ರನ್ ಪೆಟ್ಟಿಗೆಯಲ್ಲಿ ಡಿಎಕ್ಸ್‌ಡಯಾಗ್ ಎಂದು ಕೊಟ್ಟರೆ ನಿಮ್ಮಲ್ಲಿರುವುದೇನೆಂದು ತಿಳಿಯುತ್ತದೆ. ಕಾರ್ಡ್ ಈ ಮಟ್ಟಕ್ಕಿಂತ ಕೆಳಗಿದ್ದರೆ ಯಾವ ಸೆಟ್ಟಿಂಗೂ ಅದನ್ನು ಮೇಲೆತ್ತಲಾರದು.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಸೆಟ್ಟಿಂಗ್ಸ್‌ನ ಸಿಸ್ಟಮ್, ಡಿಸ್ಪ್ಲೇ, ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಹೊಸ ಆವೃತ್ತಿಯ ಸಾಫ್ಟ್‌ವೇರನ್ನು ಪಟ್ಟಿಗೆ ಸೇರಿಸಿ, ಹೈ ಪರ್ಫಾರ್ಮೆನ್ಸ್ ಆರಿಸಬೇಕು. ಹಳೆಯ ಆವೃತ್ತಿಗೆ ಮಾಡಿಟ್ಟ ಆಯ್ಕೆ ಹೊಸದಕ್ಕೆ ತಾನಾಗಿ ಬರುವುದಿಲ್ಲ, ಏಕೆಂದರೆ ವಿಂಡೋಸ್ ಲೆಕ್ಕದಲ್ಲಿ ಅದು ಬೇರೆಯೇ ಪ್ರೋಗ್ರಾಂ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೊಂದಿಕೊಂಡ ಇನ್ನೊಂದು ಲಕ್ಷಣವನ್ನು ಗಮನಿಸಬೇಕು. ಪರದೆ ತಡವರಿಸುವುದು, ಮೂರು ಆಯಾಮದ ನೋಟ ಕಲ್ಲಿನಂತೆ ನಿಲ್ಲುವುದು ಕರೆಂಟು ಹೋದ ಹೊತ್ತಿನಲ್ಲಿ ಮಾತ್ರವೇ? ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದಾಗ ಶಕ್ತಿ ಉಳಿಸಲು ಕಾರ್ಡಿನ ವೇಗವನ್ನು ತಗ್ಗಿಸುತ್ತದೆ, ಕೆಲವು ಮಾದರಿಗಳು ಒಳಗಿನ ಗ್ರಾಫಿಕ್ಸ್‌ಗೇ ಬದಲಾಗುತ್ತವೆ. ಚಾರ್ಜರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಅದೇ ಫೈಲನ್ನು ತಿರುಗಿಸಿ ನೋಡಿದರೆ ತಿಳಿದುಹೋಗುತ್ತದೆ. ಹಾಗಿದ್ದರೆ ಅದು ಅಪ್‌ಗ್ರೇಡಿನ ದೋಷವಲ್ಲ. ಪವರ್ ಸೆಟ್ಟಿಂಗ್ ಬದಲಿಸಬೇಕು ಅಥವಾ ಲ್ಯಾಪ್‌ಟಾಪನ್ನು ಯುಪಿಎಸ್‌ಗೆ ಸೇರಿಸಿಕೊಳ್ಳಬೇಕು.

ಡ್ರೈವರ್ ಬದಲಿಸುವಾಗ ವಿಂಡೋಸ್ ಅಪ್‌ಡೇಟ್ ತಾನಾಗಿ ಕೊಟ್ಟದ್ದನ್ನು ನೆಚ್ಚಿಕೊಳ್ಳದೆ, ಕಾರ್ಡ್ ತಯಾರಕರ ಅಥವಾ ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಎನ್‌ವಿಡಿಯಾ ಕಾರ್ಡುಗಳಿಗೆ ಗೇಮ್ ರೆಡಿ ಮತ್ತು ಸ್ಟುಡಿಯೋ ಎಂಬ ಎರಡು ಬಗೆಯ ಡ್ರೈವರ್‌ಗಳಿವೆ. ವಿನ್ಯಾಸದ ಕೆಲಸಕ್ಕೆ ಸ್ಟುಡಿಯೋ ಸೂಕ್ತ. ಹಾಕುವಾಗ ಕ್ಲೀನ್ ಇನ್‌ಸ್ಟಾಲೇಷನ್ ಆರಿಸಿ. ಹೊಸ ಡ್ರೈವರ್‌ನಿಂದಲೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದು ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಿಂದಿನದಕ್ಕೆ ಮರಳಿ. ಕೆಲಸದ ನಡುವೆ ಪರದೆ ಕಪ್ಪಾಗಿ ನಿಂತರೆ ಕಂಪ್ಯೂಟರನ್ನು ಬಲವಂತವಾಗಿ ಆರಿಸುವ ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಗೊಳ್ಳುತ್ತದೆ, ಎಷ್ಟೋ ಸಲ ಉಳಿಸದ ಕೆಲಸವೂ ಉಳಿದುಕೊಳ್ಳುತ್ತದೆ.

ಗುಂಡಿಗಳು ಚಿಕ್ಕದಾಗಿ ಅಥವಾ ಮಸುಕಾಗಿ ಕಂಡರೆ

ಇದು ವಿಂಡೋಸ್‌ನ ಸ್ಕೇಲಿಂಗ್ ಸಮಸ್ಯೆ. ಲ್ಯಾಪ್‌ಟಾಪ್ ಪರದೆ 150 ಪ್ರತಿಶತದಲ್ಲೂ ಹೊರಗಿನ ಮಾನಿಟರ್ 100 ಪ್ರತಿಶತದಲ್ಲೂ ಇದ್ದಾಗ ಹೆಚ್ಚಾಗಿ ಕಾಣಿಸುತ್ತದೆ. ಎರಡನ್ನೂ ಒಂದೇ ಪ್ರಮಾಣಕ್ಕೆ ತಂದು, ಸೈನ್ ಔಟ್ ಆಗಿ ಮರಳಿ ಬಂದು ನೋಡಿ. ಸರಿಹೋಗದಿದ್ದರೆ ಸಾಫ್ಟ್‌ವೇರ್ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟಕ್ಕೆ ಹೋಗಿ, ಹೈ ಡಿಪಿಐ ಸ್ಕೇಲಿಂಗನ್ನು ಅಪ್ಲಿಕೇಷನ್‌ಗೇ ಬಿಟ್ಟುಕೊಡಿ.

ರೆವಿಟ್ ಬಳಸುವವರು ನೋಡಬೇಕಾದದ್ದು

ರೆವಿಟ್‌ನಲ್ಲಿ ವಸ್ತು ಕಾಣದಿದ್ದರೆ ಕಾರ್ಡನ್ನು ಅನುಮಾನಿಸುವುದು ಕೊನೆಯ ಮಾತು. ಕೆಳಗಿನ ಪಟ್ಟಿಯಲ್ಲಿರುವ ಬಲ್ಬ್ ಚಿಹ್ನೆಯನ್ನು, ಅಂದರೆ ರಿವೀಲ್ ಹಿಡನ್ ಎಲಿಮೆಂಟ್ಸ್ ಅನ್ನು ಮೊದಲು ಒತ್ತಿ. ವಸ್ತು ಕೆಂಪು ಬಣ್ಣದಲ್ಲಿ ಕಂಡರೆ ಯಾರೋ ಅಡಗಿಸಿದ್ದಾರೆ ಅಷ್ಟೆ. ಅಲ್ಲೂ ಕಾಣದಿದ್ದರೆ ವ್ಯೂ ರೇಂಜ್ (ಪ್ಲಾನಿನಲ್ಲಿ ಯಾವ ಎತ್ತರದಿಂದ ಯಾವ ಎತ್ತರದವರೆಗೆ ಕಾಣಬೇಕೆಂಬ ಮಿತಿ), ಕ್ರಾಪ್ ರೀಜನ್, ಫೇಸ್ ಫಿಲ್ಟರ್, ಡಿಸಿಪ್ಲಿನ್, ವರ್ಕ್‌ಸೆಟ್‌ಗಳನ್ನು ಈ ಕ್ರಮದಲ್ಲೇ ನೋಡಿ.

ವ್ಯೂ ರೇಂಜ್ ನಮ್ಮ ಬೆಟ್ಟದ ನಾಡಿನಲ್ಲಿ ವಿಶೇಷವಾಗಿ ಕಾಡುತ್ತದೆ. ಸರ್ವೆಯಿಂದ ಬಂದ ನೆಲ 1,150 ಮೀಟರ್ ಎತ್ತರದಲ್ಲಿ ಕುಳಿತಿದ್ದು ನೆಲಮಹಡಿಯ ಲೆವೆಲ್ ಸೊನ್ನೆಯಲ್ಲಿದ್ದರೆ ಪ್ಲಾನಿನಲ್ಲಿ ನೆಲ ಕಾಣುವುದೇ ಇಲ್ಲ, ಮೂರು ಆಯಾಮದಲ್ಲಿ ಮನೆ ಒಂದು ಕಡೆ, ನೆಲ ಕಿಲೋಮೀಟರಿಗೂ ಮೇಲೆ. ಸರ್ವೆ ಫೈಲನ್ನು ಲಿಂಕ್ ಮಾಡುವಾಗ ಸೆಂಟರ್ ಟು ಸೆಂಟರ್ ಆರಿಸಿ, ಆಂತರಿಕ ಮೂಲಬಿಂದುವಿನ ಹತ್ತಿರಕ್ಕೆ ಮತ್ತು ಸರಿಯಾದ ಮಟ್ಟಕ್ಕೆ ಸರಿಸಿ, ಆಮೇಲೆ ಅಕ್ವೈರ್ ಕೋಆರ್ಡಿನೇಟ್ಸ್ ಕೊಟ್ಟರೆ ನಿಜವಾದ ನಿರ್ದೇಶಾಂಕವೂ ಉಳಿಯುತ್ತದೆ, ಚಿತ್ರವೂ ಸರಿಯಾಗುತ್ತದೆ. ಮಾದರಿಯೆಲ್ಲ ಆಂತರಿಕ ಮೂಲಬಿಂದುವಿನಿಂದ 16 ಕಿಲೋಮೀಟರ್ ಒಳಗೆ ಇರಬೇಕೆಂಬುದು ರೆವಿಟ್‌ನ ಮಿತಿ. ನಕ್ಷೆಯಲ್ಲಿ ಸಮುದ್ರಮಟ್ಟದಿಂದಿರುವ ಎತ್ತರ ಬೇಕಾದರೆ ಲೆವೆಲ್‌ನ ಎಲಿವೇಷನ್ ಬೇಸನ್ನು ಸರ್ವೆ ಪಾಯಿಂಟ್‌ಗೆ ಬದಲಿಸಿದರಾಯಿತು.

2024ರ ಆವೃತ್ತಿಗೆ ಅಥವಾ ಅದರಾಚೆಗೆ ಏರಿದವರಿಗೆ ಇನ್ನೊಂದು ಮಾತು. ಆ ಆವೃತ್ತಿಯಲ್ಲಿ ನಿವೇಶನದ ನೆಲವನ್ನು ತೋರಿಸುವ ಹಿಂದಿನ ಟೋಪೋಸರ್ಫೇಸ್ ಬದಲಿಗೆ ಟೋಪೋಸಾಲಿಡ್ ಬಂದಿತು. ಹಳೆಯ ವ್ಯೂ ಟೆಂಪ್ಲೇಟ್‌ಗಳು ಹಳೆಯ ವರ್ಗವನ್ನು ಗಮನದಲ್ಲಿಟ್ಟು ಮಾಡಿದವಾದ್ದರಿಂದ, ನೆಲವನ್ನು ಟೋಪೋಸಾಲಿಡ್‌ಗೆ ಬದಲಿಸಿದೊಡನೆ ಕಂಟೂರ್‌ಗಳು ನಿಮ್ಮ ಹಳೆಯ ದಪ್ಪ, ಬಣ್ಣಗಳಲ್ಲಿ ಕಾಣದೆ ಹೋಗಬಹುದು. ವಿಸಿಬಿಲಿಟಿ ಗ್ರಾಫಿಕ್ಸ್‌ನಲ್ಲಿ ಹೊಸ ವರ್ಗವನ್ನು ಆನ್ ಮಾಡಿ, ಟೋಪೋಸಾಲಿಡ್‌ನ ಟೈಪ್ ಪ್ರಾಪರ್ಟೀಸ್‌ನಲ್ಲಿ ಕಂಟೂರ್ ಡಿಸ್ಪ್ಲೇ ಅಂತರಗಳನ್ನು ಹೊಸದಾಗಿ ನಮೂದಿಸಿ.

ಮೆನು ಪಟ್ಟಿಗಳೇ ಅಸ್ತವ್ಯಸ್ತವಾಗಿದ್ದರೆ ರೆವಿಟ್ ಮುಚ್ಚಿ, ಬಳಕೆದಾರರ ಫೋಲ್ಡರಿನಲ್ಲಿರುವ ಯುಐಸ್ಟೇಟ್ ಎಂಬ ಫೈಲಿನ ಹೆಸರು ಬದಲಿಸಿ ಮತ್ತೆ ತೆರೆಯಿರಿ. ಹೊಸ ಫೈಲ್ ತಾನಾಗಿ ಸೃಷ್ಟಿಯಾಗುತ್ತದೆ.

ಸ್ಕೆಚ್‌ಅಪ್‌ನಲ್ಲಿ

2024ರ ಸ್ಕೆಚ್‌ಅಪ್ ಹೊಸ ಗ್ರಾಫಿಕ್ಸ್ ಎಂಜಿನ್‌ನೊಂದಿಗೆ ಬಂದಿತು. ಹಳೆಯದು ಓಪನ್‌ಜಿಎಲ್ ಆಧಾರಿತ, ಹೊಸದು ವಿಂಡೋಸ್‌ನಲ್ಲಿ ಡೈರೆಕ್ಟ್‌ಎಕ್ಸ್ 12 ಬಳಸುತ್ತದೆ. ಪರದೆ ಮಿನುಗಿದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಪುಟದಲ್ಲಿ ಕ್ಲಾಸಿಕ್ ಎಂಜಿನ್ ಆರಿಸಿ ಹೋಲಿಸಿ ನೋಡಿ. ಹತ್ತಿರ ಹೋದಾಗ ಮಂಗಳೂರು ಹೆಂಚಿನ ಮಾಡು ಕತ್ತರಿಸಿದಂತೆ ಮಾಯವಾದರೆ ಎಂಜಿನ್ ಕಾರಣವಲ್ಲ, ಮಾದರಿ ಮೂಲಬಿಂದುವಿನಿಂದ ದೂರವಿದೆ. ಡ್ರಾಯಿಂಗನ್ನು ಇಂಪೋರ್ಟ್ ಮಾಡುವಾಗ ಮೂಲಬಿಂದುವನ್ನು ಹಾಗೆಯೇ ಉಳಿಸುವ ಆಯ್ಕೆಯ ಗುರುತನ್ನು ತೆಗೆದುಬಿಡಿ. ಹಳೆಯ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಆಫ್ ಮಾಡಿ, ಒಂದೊಂದನ್ನೇ ಮತ್ತೆ ಸೇರಿಸುತ್ತ ಬಂದರೆ ಕೆಡಿಸುತ್ತಿರುವುದು ಯಾವುದೆಂದು ಸಿಕ್ಕಿಬೀಳುತ್ತದೆ.

ಏನು ಮಾಡಿದರೂ ಆಗದಿದ್ದರೆ

ಹಳೆಯ ಆವೃತ್ತಿಯ ಸೆಟ್ಟಿಂಗ್‌ಗಳನ್ನು ಹೊಸದಕ್ಕೆ ವರ್ಗಾಯಿಸಿಕೊಂಡಿದ್ದರೆ ಅದೇ ಮೂಲವಾಗಿರುವ ಸಂಭವ ಸಾಕಷ್ಟಿದೆ. ಆಟೋಕ್ಯಾಡ್‌ನಲ್ಲಿ ಸ್ಟಾರ್ಟ್ ಮೆನುವಿನ ಆಟೋಕ್ಯಾಡ್ ಫೋಲ್ಡರಿನೊಳಗೆ ರೀಸೆಟ್ ಸೆಟ್ಟಿಂಗ್ಸ್ ಟು ಡಿಫಾಲ್ಟ್ ಇದೆ. ಅದು ಕೇಳಿದಾಗ ಈಗಿನ ಸೆಟ್ಟಿಂಗ್‌ಗಳ ಬ್ಯಾಕಪ್ ಮಾಡಿಕೊಂಡೇ ಮುಂದುವರಿಯಿರಿ. ವಿಂಡೋಸ್‌ನಲ್ಲಿ ಹೊಸ ಬಳಕೆದಾರರ ಖಾತೆ ತೆರೆದು ಅಲ್ಲಿ ಸಾಫ್ಟ್‌ವೇರ್ ಚಲಾಯಿಸಿ ನೋಡುವುದರಿಂದಲೂ ಇದೇ ವಿಷಯ ಖಚಿತವಾಗುತ್ತದೆ, ನಿಮ್ಮ ಸೆಟ್ಟಿಂಗ್ ಯಾವುದೂ ಅಳಿಯುವುದಿಲ್ಲ.

ಸಹಾಯ ಕೇಳಲೇಬೇಕಾದಾಗ ‘ಪರದೆ ಸರಿಯಿಲ್ಲ’ ಎಂದಷ್ಟೇ ಬರೆದರೆ ಎದುರಿನವರು ಮೊದಲಿನಿಂದ ಕೇಳುತ್ತ ಬರಬೇಕಾಗುತ್ತದೆ. ಹಳೆಯ ಮತ್ತು ಹೊಸ ಆವೃತ್ತಿಗಳ ವರ್ಷ, ವಿಂಡೋಸ್ ಆವೃತ್ತಿ, ಕಾರ್ಡಿನ ಹೆಸರು, ಡ್ರೈವರ್ ಆವೃತ್ತಿ, ಸ್ಕ್ರೀನ್‌ಶಾಟ್, ಅದೇ ಹಾಳೆಯ ಪಿಡಿಎಫ್, ಖಾಲಿ ಫೈಲಿನಲ್ಲಿ ಕಂಡದ್ದು, ಇಷ್ಟನ್ನು ಒಟ್ಟಿಗೆ ಕಳಿಸಿ. ಗ್ರಾಹಕರ ಪೂರ್ಣ ನಕ್ಷೆಯನ್ನು ಕಳಿಸುವ ಬದಲು ದೋಷ ಕಾಣುವ ಒಂದು ಭಾಗವನ್ನು ಮಾತ್ರ ಬೇರೆ ಫೈಲಿಗೆ ತೆಗೆದು ಕೊಡಿ. ಹಾಗೆ ತೆಗೆದ ಭಾಗದಲ್ಲಿ ತೊಂದರೆ ಕಾಣದಿದ್ದರೆ, ಉಳಿದ ಭಾಗವನ್ನು ಮತ್ತೆ ಅರ್ಧರ್ಧ ಮಾಡುತ್ತ ಹುಡುಕಿ.

ಹಳೆಯ ಆವೃತ್ತಿಯನ್ನು ಕಂಪ್ಯೂಟರಿನಿಂದ ತೆಗೆಯುವುದು ಒಂದು ಇಡೀ ಕೆಲಸ, ಅಂದರೆ ಸರ್ವೆ ಫೈಲ್ ಲಿಂಕ್ ಮಾಡುವುದರಿಂದ ಹಿಡಿದು ಪಂಚಾಯಿತಿಗೆ ಕೊಡುವ ಹಾಳೆ ಮುದ್ರಿಸುವವರೆಗೆ, ಹೊಸ ಆವೃತ್ತಿಯಲ್ಲಿ ಸರಾಗವಾಗಿ ಮುಗಿದ ಮೇಲೆಯೇ ಆಗಲಿ. ಸ್ಟ್ರಕ್ಚರಲ್ ಎಂಜಿನಿಯರ್ ಅಥವಾ ಗುತ್ತಿಗೆದಾರರು ಇನ್ನೂ ಹಳೆಯ ಆಟೋಕ್ಯಾಡ್‌ನಲ್ಲೇ ಇದ್ದರೆ ಅವರಿಗೆ 2013ರ ಮಾದರಿಯಲ್ಲಿ ಉಳಿಸಿದ ಪ್ರತಿಯನ್ನು ಪಿಡಿಎಫ್ ಜೊತೆಗೆ ಕಳಿಸಿ, ಎರಡರಲ್ಲೂ ಗೋಡೆ, ಹ್ಯಾಚ್, ಬರಹ ಒಂದೇ ರೀತಿ ಕಾಣುತ್ತಿವೆಯೇ ಎಂದು ಅವರಿಂದಲೇ ಕೇಳಿ ತಿಳಿದುಕೊಳ್ಳಿ.